ಗಿಟಾರ್ ಕೆಳಗಿಟ್ಟು ಬಡಿಯಾಕಿ

ಮೊನ್ನೆ ಸೊಸಿ ಹಾಲು ಕಾಸೂ ಪಾತೇಲಿ ಹೊತ್ತಿಸಿ ಬಿಟ್ಟಿದ್ಲು. ಕರಕಲು ಬಿಡ್ಲಿ ಅಂತ ಅದಕ್ಕ ನೀರು ಸುರದು, ಸೋಡಾ ಪುಡಿ ಹಾಕಿ, ಭಾಂಡಿ ತಿಕ್ಕೂ ತಂತಿ ಉಂಡೀನೂ ಅದರಾಗ ಒಗದು ಗ್ಯಾಸಿನ ಮ್ಯಾಲ ಇಟ್ಟಿದ್ಲು. ಪಡಸಾಲ್ಯಾಗ ಕುಂತ ನನ್ನ ಮೂಗಿಗೆ ಆ ವಾಸನಿ ಬಡೀತು ನೋಡ್ರಿ... ಕಬ್ಬಿಣ, ಸೋಡಾ, ಬಿಸಿ ಉಗಿ. ಎದ್ದು ಹೋಗಿ ಅಡಗಿ ಮನಿ ಬಾಗಲದಾಗ ನಿಂತ್ನಿ. "ಯಾಕ್ರಿ ಅತ್ತಿ, ಏನರ ಬೇಕೇನ್ರಿ?" ಅಂದ್ಲು ಸೊಸಿ. ಏನ್ ಹೇಳ್ಲಿ? "ಗಿಟಾರ್ ತಂತಿ ಕುದಸಾಕತ್ತಿ ಏನ" ಅಂತ ಕೇಳಿದ್ರ, ಅತ್ತಿ ತಲಿ ಕೆಟ್ಟೈತಿ ಅಂತ ನನ್ನ ಮಗನಿಗೆ ಫೋನ್ ಹಚ್ಚತಿದ್ಲು. ಹೊಳ್ಳಿ ಬಂದು ಕುಂತ್ನಿ.

ತಂತಿ ಕುದಸಾಕಿ ನಮ್ಮ ಆರ್ಕೆಸ್ಟ್ರಾದಾಗ ಬೇಸ್ ಗಿಟಾರ್ ಬಾರಸ್ತಿದ್ದ ಅಕ್ಕ. ಎಪ್ಪತ್ತರ ದಶಕದ ಕಡೀಕ ನಾ ಬಾಗಲಕೋಟಿಯ ಆ ಆರ್ಕೆಸ್ಟ್ರಾದಾಗ ಹಾಡಾಕ ಸೇರಿದಾಗ ಆಕಿ ಅಲ್ಲಿ ಹಳೇ ಹುಲಿ. ಎಲ್ಲಾರೂ 'ಬೇಸಕ್ಕ' ಅಂತಿದ್ರು. ಖರೆ ಹೆಸರ ನಾ ಬರಿಯೂದಿಲ್ಲ. ಬರದ್ರ ಮಣ್ಣಾಗಿಂದ ಎದ್ದು ಬಂದು ಕಪಾಳಕ್ಕ ಕೊಟ್ಟಾಳು.

ಆಕಿ ಅವ್ವಂದು ಬಾದಾಮಿ ಬಸ್ ಸ್ಟ್ಯಾಂಡಿನ ಹಂತೇಲೆ ಒಂದು ಖಾನಾವಳಿ. ಗುಡ್ಡದಾಗಿನ ಮೇಣಬಸದಿ ಗವಿ ನೋಡಾಕ ಬಂದ ಒಬ್ಬ ಉದ್ದಗೂದಲಿನ ಪರದೇಶಿ ಅಲ್ಲಿ ಉಣ್ಣಾಕ ಬರತಿದ್ನಂತ. ಅವಗ ಕಾಮಣಿ ಆಗಿ ಮೈಯೆಲ್ಲಾ ಹಳದಿ ತಿರುಗಿದಾಗ ಈ ಅವ್ವ ನುಚ್ಚು ಮಜ್ಜಿಗಿ ಉಣಿಸಿ ಬದುಕಿಸಿದ್ಲು. ಎದ್ದು ಹೋಗೂ ಮುಂದ ಅವ ತನ್ನ ಗಿಟಾರ್, ಒಂದು ಕ್ಯಾಸೆಟ್ ಎರಡೂ ಕೊಟ್ಟು, ಕೈ ಮುಗದು ಹೋದ. ಅದಕ್ಕ ನಾಕ ತಂತಿ! ಓಣಿ ಮಂದಿ ಎಲ್ಲಾ ಬಂದು ನೋಡಿ, "ಅಯ್ಯ ಪಾಪ, ಎರಡು ತಂತಿ ಹರದಾವ, ಕುಂಟ ಗಿಟಾರ್ ಕೊಟ್ಟು ಹೋಗ್ಯಾನ" ಅಂತ ಮರುಗಿದ್ರು. ಅವ್ವ ಅಂತೂ ಒಲಿಗೆ ಹಾಕೂದು ಅಂತ ತಗದು ಇಟ್ಟಿದ್ಲು. ಅಷ್ಟರಾಗ ಬಾಗಲಕೋಟಿಯಿಂದ ಬಂದ ರೇಡಿಯೋ ರಿಪೇರಿಯವ ಒಬ್ಬ ನೋಡಿ, "ಹರದಿಲ್ಲ, ಇದಕ್ಕ ಇರೂದ ನಾಕ ತಂತಿ. ಇದು ಬೇಸ್ ಗಿಟಾರ್ ಐತಬೇ" ಅಂದ. ನಮ್ಮ ಕಡೆ ಬೇಸ್ ಅಂದ್ರ ಛಲೋ ಅಂತ. "ಬೇಸ್ ಐತ್ಯಾ? ಬೇಸ್ ಇದ್ರ ಹುಡುಗಿ ಇಟಗೊಳ್ಳಲಿ ತಗೋ" ಅಂದ್ಲಂತ ಅವ್ವ. ಆ ಒಂದು ಮಾತಿನಿಂದ ಗಿಟಾರ್ ಒಲಿಗೆ ಹೋಗೂದು ತಪ್ಪಿತು.

ಕರೆಂಟಿಲ್ಲದ ಆ ಗಿಟಾರ್ ದನಿ ಮಗ್ಗಲದಾಗ ಕುಂತವ್ರಿಗೂ ಕೇಳೂದಿಲ್ಲ. ಆಕಿ ಅದರ ಕಟಿಗಿಗೆ ದವಡಿ ಹಚ್ಚಿ, ಎಲುಬಿನಾಗ ಕೇಳಿ ಕೇಳಿ ಕಲತಾಕಿ. ರೊಟ್ಟಿ ಬಡದು ಬಡದು ಗಟ್ಟಿಯಾದ ಕೈ, ಬೆರಳಿಗೆ ಬೊಬ್ಬಿ ಬಂದ್ರೂ ಆಕಿಗೆ ಗೊತ್ತಾಗತಿರಲಿಲ್ಲ. ಲಾಡ್ಜಿನವನ ಟೇಪ್ ರೆಕಾರ್ಡರ್‌ನ್ಯಾಗ ಆ ಪರದೇಶಿ ಕ್ಯಾಸೆಟ್ ಹಾಕಿ, ರೀಲು ಸವದು ಹರಿಯೂ ತನಕ ಕೇಳಿದ್ಲು. ಧಡಂ ಧುಡುಂ ಅನ್ನೂ ರಾಕ್ ಹಾಡು ಅವು. ಮುಂದ ಅದೇ ರೇಡಿಯೋದವ ಹಳೇ ಟಾಕೀಸಿನ ಸಾಮಾನು ಕೂಡಿಸಿ ಒಂದು ಆಂಪ್ಲಿಫೈಯರ್ ಮಾಡಿಕೊಟ್ಟ. ಕಪಾಟು ಕೊಯ್ದು ಮಾಡಿದ ಸ್ಪೀಕರ್ ಡಬ್ಬಿ, ಎತ್ತಾಕ ಇಬ್ಬರು ಗಂಡಸರು ಬೇಕಾಗತಿದ್ರು. ಭುಜದ ಪಟ್ಟಾ ಚಪ್ಪಲಿ ಹೊಲಿಯೂ ಮುದುಕನ ಕಡೆ ಮಾಡಿಸಿದ್ದು. ತಂತಿ ಅಂತೂ ಹುಬ್ಬಳ್ಯಾಗೂ ಸಿಗತಿರಲಿಲ್ಲ. ಅದಕ್ಕ ಆಗಾಗ ಬಿಚ್ಚಿ, ಬ್ಯಾಳಿ ಬೇಯಿಸೂ ಪಾತೇಲ್ಯಾಗ ಸೋಡಾ ಹಾಕಿ ಕುದಿಸಿ, ಜಿಡ್ಡು ತಗದು ಮತ್ತ ಏರಿಸ್ತಿದ್ಲು. "ನಿನ್ನ ತಂತಿ ಸಾರು ಉಂಡು ಗಿರಾಕಿ ಸತ್ರ ಹೆಣಾ ನೀನ ಹೊರು" ಅಂತ ಅವ್ವ ಬೈತಿದ್ಲು.

ಜಿಲ್ಲಾದಾಗೆಲ್ಲಾ ಅಂಥಾ ಗಿಟಾರ್ ಅದೊಂದ. "ಇದು ಹೋತಂದ್ರ ನನಗ ಒಲಿನ ಗತಿ ತಂಗಿ" ಅಂತ ನನ್ನ ಮುಂದ ಎಷ್ಟು ಸಲ ಹೇಳ್ಯಾಳೋ.

ಮಾತು ಬಲ್ಲವಗ ಜಗಳಿಲ್ಲ ಅಂತಾರ. ಇಕಿಗೆ ಮಾತೂ ಬರತಿತ್ತು, ಜಗಳಾನೂ ಬರತಿತ್ತು. ತಾಳ ತಪ್ಪಿದ್ರ ಡ್ರಮ್ ಬಾರಸಾವನ ಬೆನ್ನಿಗೆ ಗುದ್ದು. ಕನ್ಯಾ ನೋಡಾಕ ಬಂದ ಗಂಡೊಬ್ಬ "ಲಗ್ನ ಆದಮ್ಯಾಲ ಇದನ್ನೆಲ್ಲಾ ಬಿಡ್ತೀರಿಲ್ರಿ?" ಅಂತ ಕೇಳಿದ್ದಕ್ಕ, ಕೈಯಾಗಿನ ಚಾದ ಬಸಿ ಅವನ ಮಾರಿಗೆ ಹೋಗಿತ್ತು. ಆದ್ರ ಬಡದಾಟಕ್ಕ ಆಕಿದೊಂದು ನೇಮ ಇತ್ತು. ಮೊದಲು ಗಿಟಾರ್ ಭುಜದಿಂದ ಇಳಸೂದು, ಪೆಟ್ಟಿಗ್ಯಾಗ ಇಡೂದು, ಚಿಲಕ ಹಾಕೂದು, ಆಮ್ಯಾಲ ಬಡಿಯೂದು. ಇಳಕಲ್ಲಿನಾಗ ಒಬ್ಬ ನನ್ನ ಹೆಳಲು ಜಗ್ಗಿದಾಗ, ಆಕಿ ಪೆಟ್ಟಿಗಿ ಚಿಲಕ ಹಾಕೂ ತನಕ ಆ ಭಾಡ್ಯಾ ಹಲ್ಲು ಕಿಸಕೊಂಡು ನಿಂತಿದ್ದ. ಚಪ್ಪಲಿ ಬಿದ್ದಮ್ಯಾಲ ಕಿಸಿಯಾಕ ಮುಂದಿನ ಎರಡು ಹಲ್ಲು ಇರಲಿಲ್ಲ.

ಗುಳೇದಗುಡ್ಡದಾಗ ಒಮ್ಮೆ ಮಂದಿ ಕಲ್ಲು ತೂರಿದ್ರು. ಹಾಡಿನ ನಡುವ ಆರ್ಕೆಸ್ಟ್ರಾ ಮಾಲಕ ಒಂದೀಟು ಹೊತ್ತು ಬಿಟ್ಟುಕೊಟ್ರ, ಇಕಿ, ಡ್ರಮ್ಮಿನವ ಇಬ್ಬರೂ ಸೇರಿ ಆ ಕ್ಯಾಸೆಟ್ಟಿನ ರಾಕ್ ಬಾರಸ್ತಿದ್ರು. ಹಾಡಿಲ್ಲ, ಕುಣತ ಇಲ್ಲ, ಬರೇ ಎದಿ ನಡಗೂ ಬಡತ. "ಕುಣಿ, ಇಲ್ಲಾ ಇಳಿ" ಅಂತ ಹುಡುಗ್ರು ಚೀರಿದ್ರು. ಒಂದು ಕಲ್ಲು ಬಂದು ಆಕಿ ಹುಬ್ಬಿಗೆ ಬಡೀತು. ನೆತ್ತರ ಕಣ್ಣಾಗ ಇಳದು ಇಳಕಲ್ ಸೀರಿ ಮ್ಯಾಲ ತಟತಟ ಬೀಳಾಕತ್ತಿತು. ಬೆರಳು ಮಾತ್ರ ನಿಲ್ಲಲಿಲ್ಲ, ಮುಗಿಸೇ ಕೆಳಗ ಇಳದ್ಲು. ನಾ ಅರಿಷಿಣ ಒತ್ತಾಕತ್ರ ನಕ್ಕೋತ ಅಂದ್ಲು: "ರಾಕ್ ಅಂದ್ರ ಕಲ್ಲಂತ. ಬಾದಾಮ್ಯಾಗ ಹುಟ್ಟಿದಾಕಿ ಕಲ್ಲ ಬಿಟ್ಟು ಮತ್ತೇನ ಬಾರಸಲಿ?"

ನಮ್ಮಪ್ಪ ಸಾಲಿ ಮಾಸ್ತರ. ನನ್ನ ಹಾಡಾಕ ಕಳಸಿದ್ದು ಆಕಿ ಭರವಸೆದ ಮ್ಯಾಲ. "ನಿಮ್ಮ ಮಗಳ ಮೈಗೆ ಯಾವನರ ಕೈ ಹಚ್ಚಿದ್ರ ಆ ಕೈ ಇರೂದಿಲ್ರಿ ಮಾಸ್ತರ್" ಅಂತ ನಮ್ಮ ಪಡಸಾಲ್ಯಾಗ ಕುಂತು ಹೇಳಿದ್ಲು. ಅಪ್ಪ ಆಕಿ ಮಾರಿ ನೋಡಿ ನಂಬಿದ್ರು. ನಾನೂ ಯಾವಾಗಲೂ ಆಕಿ ಎಡಕ್ಕ ನಿಂತ ಹಾಡತಿದ್ನಿ.

ಹುನಗುಂದದಾಗ ದೊಡ್ಡ ಮನಿ ಮದುವಿ ಒಂದು... ಮಟಮಟ ಮಧ್ಯಾಹ್ನ. ಹಂದರದಾಗ ಇನ್ನೂ ಪಂಗ್ತಿ ನಡದಿತ್ತು. ಗಂಡಿನ ಕಡ್ಯಾವ ಒಬ್ಬ ಕುಡದು ಸ್ಟೇಜ್ ಹತ್ತಿದ. ಕೈಯಾಗ ಗೋಲಿ ಸೋಡಾ ಬಾಟ್ಲಿ. ಸ್ಪೀಕರ್ ಡಬ್ಬಿ ಮೂಲಿಗೆ ಅದನ್ನ ಬಡದು ಒಡದ. ಒಡದ ಬಾಟ್ಲಿ ತಂದು ನನ್ನ ಕೊಳ್ಳಿಗೆ ಹಚ್ಚಿದ. "ಹಾಡಿದ್ದು ಸಾಕು, ಕುಣಿ" ಅಂದ. ಗಾಜಿನ ಚುಂಚು ಚರ್ಮದಾಗ ಇಳದು, ನೆತ್ತರ ಜಂಪರಿನಾಗ ಹರಿಯೂದು ನನಗ ಗೊತ್ತಾಗಾಕತ್ತಿತ್ತು. ಮಾಲಕ ಎಲ್ಲಿ ಅಂತೀರಿ? ಪರದೆ ಹಿಂದ!

ಅವತ್ತ ಆಕಿ ಗಿಟಾರ್ ಕೆಳಗಿಡಲಿಲ್ಲ.

ಭುಜದಿಂದ ಪಟ್ಟಾ ಜಾರಿಸಿದ್ದು ಅಷ್ಟ ಕಂಡೆ. ಎರಡೂ ಕೈಲೆ ಅದರ ಕುತಿಗಿ ಹಿಡದು, ಕೊಡ್ಲಿ ಬೀಸಿದಂಗ ಬೀಸಿದ್ಲು. ಅವನ ದವಡಿ ಮುರದ ಸಪ್ಪಳ, ಗಿಟಾರ್ ಮುರದ ಸಪ್ಪಳ ಎರಡೂ ಕೂಡೇ ಬಂದ್ವು. ಆಂಪ್ಲಿಫೈಯರ್ ಚಾಲೂ ಇತ್ತಲ್ಲ, ಜೋತುಬಿದ್ದ ತಂತಿ ಕಟಿಗಿಗೆ ಬಡದು ಇಡೀ ಹಂದರ ಗುಡುಗಿತು. ಅಷ್ಟು ವರ್ಷ "ಆ ಹುಡುಗಿ ಏನ ಬಾರಸ್ತಾಳ, ಕೇಳೂದ ಇಲ್ಲ" ಅಂತಿದ್ದ ಮಂದಿ ಅವತ್ತ ಎಲಿ ಬಿಟ್ಟು ಎದ್ದು ನಿಂತ್ರು.

ಆಮ್ಯಾಲ ಏನ್ ಹೇಳೂದ್ರಿ... ಗಂಡಿನ ಕಡ್ಯಾವ್ರು ಹಂದರದ ಗಳ ಕಿತ್ತಕೊಂಡು ಬಂದು ನಮ್ಮನ್ನ ಬಡದ್ರು. ಟ್ಯೂಬ್‌ಲೈಟ್ ಒಡದ್ವು, ಡ್ರಮ್ ಹರೀತು. ಡ್ರಮ್ಮಿನವ ತಾ ಬಡಿಯೂ ಹಿತ್ತಾಳಿ ತಾಟಿನ ಸ್ಟ್ಯಾಂಡ್ ಬೀಸಿಕೋತ ನನ್ನನ್ನ ಮಟಾಡೋರ್ ವ್ಯಾನಿನ ತನಕ ಒಯ್ದ. ಬೇಸಕ್ಕ ಕಡೀಕ ಬಂದ್ಲು. ತಲಿ ಒಡದಿತ್ತು, ಬಲಗೈಯಾಗ ಮುರದ ಗಿಟಾರಿನ ಎರಡೂ ತುಂಡು. ಕಲ್ಲು ಬೀಳಾಕತ್ತಿದ್ರೂ ತುಂಡು ಒಳಗ ಇಟ್ಟ ಮ್ಯಾಲ ತಾ ಹತ್ತಿದ್ಲು. ಅಮೀನಗಡದಾಗ ವ್ಯಾನ್ ನಿಲ್ಲಿಸಿದಾಗ, ಕರದಂಟಿನ ಅಂಗಡಿ ಮುದುಕಿ ಒಬ್ಬಾಕಿ ನಮ್ಮ ಅವತಾರ ನೋಡಿ ಕೊಡದಾಗ ನೀರು ತಂದು ಸುರವಿದ್ಲು. ನಾ ಅಳೂದು ನಿಲ್ಲಸಲಿಲ್ಲ. ಬೇಸಕ್ಕ ನನ್ನ ಕಪಾಳಕ್ಕ ಒಂದು ಕೊಟ್ಲು. "ಕೊಳ್ಳು ಉಳೀತಿಲ್ಲೋ? ಹಾಡಿ ನೋಡು" ಅಂದ್ಲು. ಅಲ್ಲೇ, ರಸ್ತೆದ ಮಗ್ಗಲಕ್ಕ, ಒಂದು ಸಾಲು ಹಾಡಿದ್ನಿ. ಕೇಳಿ ತಲಿ ಆಡಿಸಿ ಹೋಗಿ ವ್ಯಾನಿನಾಗ ಕುಂತ್ಲು.

ಮನ್ಯಾಗ ಅಪ್ಪ ಬಾಗಲಾ ಹಾಕಿದ್ರು. "ಇನ್ನ ಹಾಡೂದು ಸಾಕು" ಅಂದ್ರು. ಕೊಳ್ಳಿಗೆ ಪಟ್ಟಿ ಕಟಗೊಂಡ ನಾನೂ ಹೂಂ ಅಂದಿದ್ನಿ, ಅಷ್ಟು ಅಂಜಿದ್ನಿ. ಕೆಲವು ದಿನಕ್ಕ ಬೇಸಕ್ಕ ತಲಿಗೆ ಅರಬಿ ಸುತಗೊಂಡು, ಮೈತುಂಬ ಸೆರಗು ಹೊದ್ದು ಬಂದ್ಲು. ಬಾಗಲಾ ಒದ್ದ ಸಪ್ಪಳಕ್ಕ ಓಣಿ ಕೂಡಿತು. ಅಪ್ಪನ ಕಾಲ ಮುಂದ ಎರಡು ತುಂಡು ಒಗದ್ಲು. "ಮಾಸ್ತರ್, ಒಂದು ಇದನ್ನ ಕೂಡಿಸಿ ಕೊಡ್ರಿ, ಇಲ್ಲಾ ಮಗಳ್ನ ಹಾಡಾಕ ಕಳಸ್ರಿ. ಎರಡೂ ಆಗೂದಿಲ್ಲಂದ್ರ ನಾ ಯಾತಕ್ಕ ಮುರಕೊಂಡ್ನಿ ಹೇಳ್ರಿ!" ಊರ ಮಕ್ಕಳಿಗೆ ಛಡಿ ಹಿಡದ ನಮ್ಮಪ್ಪ ಮರು ವಾರ ನನ್ನ ಕಳಸಿದ್ರು.

ಮಾಲಕ ಹುಬ್ಬಳ್ಳಿಯಿಂದ ಒಬ್ಬ ಹುಡುಗನ್ನ ಬೇಸ್ ಬಾರಸಾಕ ತಂದಿದ್ದ. ಆ ಹುಡುಗನ ಗಿಟಾರ್ ಇಸ್ಕೊಂಡು ನೀನ ಬಾರಸಕ್ಕಾ ಅಂತ ಬೇಸಕ್ಕಗ ಹೇಳಿ ಕಳಸಿದ್ನಿ. "ಮತ್ತೊಬ್ಬರ ಗಿಟಾರ್ ನಾ ಮುಟ್ಟೂದಿಲ್ಲ" ಅಂತ ಉತ್ತರ ಬಂತು. ಸೊಕ್ಕು ಅಂದಕೊಂಡ್ನಿ. ಆಕಿ ಬಾದಾಮ್ಯಾಗ ಖಾನಾವಳಿ ಹಿಡದ್ಲು, ನಾ ಊರೂರು ಹಾಡಿಕೋತ ಹೋದ್ನಿ. ಲಗ್ನ ಆದಮ್ಯಾಲೂ ಹಾಡಿದ್ನಿ.

ನಡುವ ಭಾಳ ವರ್ಷ ಹೋದ್ವು... ಎಂಬತ್ತರ ದಶಕದ ಕಡೀಕ ಮುಂಬೈಗೆ ಹಾಡಾಕ ಹೋದಾಗ ಒಂದು ಹೊಸಾ ಬೇಸ್ ಗಿಟಾರ್ ಕೊಂಡು, ಎತ್ತಿಕೊಂಡು ಬಾದಾಮಿಗೆ ಹೋದ್ನಿ. ಎಷ್ಟು ಹಿಗ್ಗು ನನಗ! ಖಾನಾವಳ್ಯಾಗ ಹೆಣಮಕ್ಕಳು ರೊಟ್ಟಿ ಬಡ್ಯಾಕತ್ತಿದ್ರು, ಆಕಿ ಮುಂದ ಕುರ್ಚಿ ಹಾಕ್ಕೊಂಡು ಕುಂತು ಗಿರಾಕಿಗೆ ಬೈಯಾಕತ್ತಿದ್ಲು. ಪೆಟ್ಟಿಗಿ ತಗದೆ. ಬಲಗೈಲೆ ಎತ್ತಿ ತೂಗಿ ನೋಡಿ, "ಇದೇನ ತಂಗಿ ಇಷ್ಟು ಹಗರ ಐತಿ? ಇದರಲೆ ಯಾರನ್ನ ಬಡಿಲಿ?" ಅಂದ್ಲು. ಉಣ್ಣಾವ್ರೆಲ್ಲಾ ನಕ್ರು, ನಾನೂ ಹೊಟ್ಟಿ ಹಿಡಕೊಂಡು ನಕ್ಕೆ.

"ಒಮ್ಮೆ ಬಾರಸು" ಅಂದ್ನಿ. ಒಲ್ಲೆ ಅಂದ್ಲು. ನಾ ಬಿಡಾಕಿ ಅಲ್ಲ. ಪಟ್ಟಾ ಆಕಿ ಭುಜಕ್ಕ ಹಾಕಿ, ಸೆರಗಿನಾಗಿದ್ದ ಎಡಗೈ ಹಿಡದು ಜಗ್ಗಿ, ಗಿಟಾರಿನ ಕುತಿಗಿಗೆ ಹಚ್ಚಿದ್ನಿ. ಬೆರಳು ಮಡಚಲಿಲ್ಲ. ಮಣಿಕಟ್ಟು ಸೊಟ್ಟ ಕೂಡಿತ್ತು. ನಡುವಿನ ಮೂರು ಬೆರಳು ಒಣಗಿದ ಕಟಿಗಿ ಹಂಗ ಸೆಟದು ನಿಂತಿದ್ವು. ಹಂದರದ ಗಳ ಬಿದ್ದದ್ದು ತಲಿ ಮ್ಯಾಲ ಅಷ್ಟ ಅಲ್ಲ ಅಂತ ಆಗ ನನಗ ತಿಳೀತು.

"ಅಕ್ಕಾ, ನನ್ನ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹಾಡತಿದ್ದೇನ?" ಅಂದ್ಲು. ಆಮ್ಯಾಲ ಒಳಗ ತಿರಗಿ, ನನಗ ತಾಟು ಹಚ್ಚಾಕ ತಡ ಮಾಡಿದ ಹುಡುಗಿಗೆ ಬಾಯಿಗೆ ಬಂದಂಗ ಬೈದ್ಲು.

ಹೋದ ವರ್ಷ ಆಕಿ ಹೋದ್ಲು. ನನಗ ಸುದ್ದಿ ಮುಟ್ಟೂದರಾಗ ಮಣ್ಣು ಕೊಟ್ಟು ಮುಗಿಸಿದ್ರು. ಅಂಥಾ ಅಕ್ಕ ನನಗ ಇನ್ನ ಸಿಗೂದಿಲ್ಲ. ಈಗೂ ಯಾರಾರ ಮನಿಗೆ ಬಂದು, ಸನ್ಮಾನದ ಶಾಲು ಹೊದಿಸಿ, "ಈ ವಯಸ್ಸಿನ್ಯಾಗೂ ನಿಮ್ಮ ದನಿ ಹಂಗ ಉಳದೈತಿ, ದೇವರ ಕೊಟ್ಟದ್ದು ಬಿಡ್ರಿ" ಅಂತಾರ. ಕೇಳಿ ಮೈಯೆಲ್ಲಾ ಉರೀತೈತಿ ನನಗ. ದೇವರ ಏನ ಕೊಟ್ಟ? ಅವತ್ತ ಹಂದರದಾಗ ಆ ಗಾಜು ನನ್ನ ಕೊಳ್ಳಾಗ ಇದ್ದಾಗ ಕೈ ಎತ್ತಿದಾಕಿ ಒಬ್ಬಾಕಿ ಅಷ್ಟ, ಆಕಿ ಎತ್ತಿದ ಕೈ ಮತ್ತ ಆಕಿಗೆ ಬರಲಿಲ್ಲ.