ಆಮೆಗಿಟ್ಟ ಕಾವಲುಗಲ್ಲು

ಈಚೆಗೆ ರೊಟ್ಟಿ ಬಡಿಯುವಾಗ ಓಣಿಯಲ್ಲಿ ಯಾವುದಾದರೂ ಗಾಡಿ ಹಿಂದಕ್ಕೆ ಸರಿಯುವ ಸದ್ದು ಕೇಳಿದರೆ ನನ್ನ ಕೈ ತಾನಾಗಿ ನಿಂತುಬಿಡುತ್ತದೆ. ರೊಟ್ಟಿಯ ಅಂಚು ಒಣಗಿ ಸೀಳುವವರೆಗೂ ನಿಂತೇ ಇರುತ್ತದೆ. ಗಾಡಿ ಹಾಲಿನದೋ ತರಕಾರಿಯದೋ ಆಗಿರುತ್ತದೆ. ಆದರೆ ಕಣ್ಣೆದುರಿಗೆ ಬರುವುದು ಅದೇ ಮರಳು, ಅದೇ ಜೀಪು, ಅದಕ್ಕೆ ಬೆನ್ನುಕೊಟ್ಟು ನಿಂತ ನನ್ನ ದೊಡ್ಡವ್ವ. ನಡೆದುಹೋದ ಸಂಗತಿಯೊಂದು ಮುಗಿಯಲು ಇಷ್ಟು ಕಾಲ ಬೇಕೆಂದು ನನಗೆ ಗೊತ್ತಿರಲಿಲ್ಲ, ಗೆಳೆಯರೆ.

ಕಡಲ ದಂಡೆಯಲ್ಲಿ ಮೊಟ್ಟೆಯಿಡುವ ಆಮೆಗಳನ್ನು ಹೋಟೆಲುಗಳ ದೀಪದಿಂದ ಕಾಪಾಡುವ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ನಮ್ಮ ಆನೆಗೊಂದಿಗೆ ಕಡಲು ಬಹುದೂರ. ಆದರೂ ತುಂಗಭದ್ರೆಯ ನೀರು ತಗ್ಗಿ ಬಂಡೆಗಳ ನಡುವೆ ಮರಳು ಮೇಲೆದ್ದಾಗ ಇಲ್ಲಿಯೂ ಹೊಳೆಯ ಆಮೆ ದಂಡೆ ಹತ್ತಿ, ಮರಳು ತೋಡಿ, ಮೊಟ್ಟೆಯಿಟ್ಟು, ಮುಚ್ಚಿ, ಹಿಂದಿರುಗಿ ನೋಡದೆ ನೀರಿಗಿಳಿಯುತ್ತದೆ. ಅಂಥ ದಂಡೆಗಳಲ್ಲಿ ಹೆಚ್ಚಿನವು ಈಗ ರೆಸಾರ್ಟಿನ ಕುರ್ಚಿಗಳಿಗೂ ಹರಿಗೋಲಿನ ಸರದಿಗೂ ಸಂದುಹೋಗಿವೆ. ಉಳಿದಿದ್ದ ಒಂದು ತುಂಡನ್ನು, ಗಂಡನ ಜೊತೆ ಹರಿಗೋಲು ಹಾಕಿ ಬದುಕಿದ ದೊಡ್ಡವ್ವ ಬಾಣಂತಿಯ ಕೋಣೆಯಂತೆ ಕಾಯುತ್ತಿದ್ದಳು.

ಮೊದಲು ಗೂಡಿನ ಸುತ್ತ ಜಾಲಿಮುಳ್ಳು ಹಾಕಿದಳು. ಪ್ರವಾಸಿಗರು ಅದನ್ನೆತ್ತಿ ಒಲೆಗೆ ಹಾಕಿ ಅಡುಗೆ ಮಾಡಿಕೊಂಡರು. ಆಗ ಅವಳಿಗೆ ನಮ್ಮ ಸೀಮೆಯ ಹಳೆಯ ಉಪಾಯ ನೆನಪಾಯಿತು. ಹೊಲದ ಮೂಲೆ ಉಳಿಯಬೇಕಾದರೆ, ಗೋಡೆಯ ಮಗ್ಗುಲು ಹೊಲಸಾಗಬಾರದೆಂದರೆ, ಕಲ್ಲೊಂದಕ್ಕೆ ಸುಣ್ಣ ಬಳಿದು ಕುಂಕುಮ ಹಚ್ಚಿಟ್ಟರೆ ಸಾಕು. ಜನ ಬಳಸಿಕೊಂಡು ಹೋಗುತ್ತಾರೆ. ಮೊಣಕಾಲೆತ್ತರದ ಕಲ್ಲನ್ನು ಗೂಡಿನ ಮಗ್ಗುಲಿಗೆ ನಿಲ್ಲಿಸಿ, “ಇನ್ನ ಯಾವ ಮಗಾನೂ ಕಾಲಿಡಂಗಿಲ್ಲ ನೋಡು,” ಎಂದಳು. ನಾನೂ ಹಿಗ್ಗಿದೆ.

ಆದರೆ ಬಳಸಿಕೊಂಡು ಹೋಗುವವರು ನಮ್ಮೂರವರು. ಹೊರಗಿನಿಂದ ಬರುವವರು ದೇವರನ್ನು ಹುಡುಕಿಕೊಂಡೇ ಬರುವವರೆಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ. ಯಾರೋ ಕಾಯಿ ಒಡೆದರು, ಆಮೆಯ ಗೂಡಿನ ಸುದ್ದಿ ತಿಳಿದ ಯಾರೋ ಆಮಿಯಪ್ಪ ಎಂದು ಹೆಸರಿಟ್ಟರು, ಯಾರೋ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಕೊಬ್ಬರಿ ಚೂರಿಗೆ ನಾಯಿಗಳು ಬಂದವು. ಆಮೇಲೆ ಜೀಪುಗಳು ಮರಳಿಗೇ ಇಳಿದವು.

ಆ ಮಧ್ಯಾಹ್ನ ದೊಡ್ಡವ್ವ ಗೂಡು ಕೆದರುವ ನಾಯಿಗಳನ್ನು ಕೋಲಿನಿಂದ ಅಟ್ಟುತ್ತಿದ್ದಳು. ಭಕ್ತರನ್ನು ಇಳಿಸಿದ ಜೀಪೊಂದು ತಿರುಗಲೆಂದು ಹಿಂದಕ್ಕೆ ಬಂತು. ಅವಳಿಗೆ ಕಿವಿ ಮಂದ. ನಾನು ಕೂಗಿದ್ದು ಕೇಳಿಸಲಿಲ್ಲ. ಹಿಂದಿನ ಗಾಲಿ ಆ ಕಲ್ಲಿಗೆ ಬಡಿದು ನಿಂತಿತು. ಕಲ್ಲಿನ ಈಚೆಗೆ ದೊಡ್ಡವ್ವನ ಸೀರೆಯ ಅಂಚು, ಅಂಚಿನ ಬಳಿಯೇ ಗೂಡು.

ಡ್ರೈವರ್ ಇಳಿದು ಕೈಮುಗಿದ. “ಯಮ್ಮಾ, ಆಮಿಯಪ್ಪನ ನಿನ್ನ ಉಳಿಸ್ಯಾನ. ಇಲ್ಲೊಂದು ಕಟ್ಟಿ ಕಟ್ಟಸ್ತೀನಿ.”

ದೊಡ್ಡವ್ವ ಕೋಲೂರಿ ಅವನತ್ತ ತಿರುಗಿದಳು. “ಉಳಿಸ್ಯಾನ ಖರೆ. ನಿನ್ನ ಇಲ್ಲಿತನಾ ಕರಕೊಂಡು ಬಂದಾಂವನೂ ಅಂವನ. ಕಟ್ಟಿ ಬ್ಯಾಡಪ, ಮೊದಲ ಹಿಂದ ನೋಡಿ ಗಾಡಿ ಹೊಡಿಯೋದು ಕಲಿ.”

ಭಕ್ತರಿಗಂತೂ ಪವಾಡ ಸಿಕ್ಕಿತ್ತು. ಜೀಪಿನ ಗಾಲಿಗೂ ಕುಂಕುಮ ಹಚ್ಚಿದರು. ಇನ್ನು ಬರುವ ಜನಕ್ಕೆ ಲೆಕ್ಕವಿರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿಯಿತು. ಅವರೆಲ್ಲ ಹೋದಮೇಲೆ ದೊಡ್ಡವ್ವ ಕಲ್ಲನ್ನು ಅಲುಗಿಸತೊಡಗಿದಳು.

“ನಿನ್ನ ಜೀವ ಉಳಿಸಿದ ಕಲ್ಲದು, ದೊಡ್ಡವ್ವ.”

“ಅದಕ್ಕ ನಾನ ಕಳಸಬೇಕವ್ವ. ಬ್ಯಾರೆಯವರಿಗೆ ಹಕ್ಕಿಲ್ಲ. ಹಿಡಿ ಒಂದ ಕಡಿ.”

ಉರುಳಿಸಿಕೊಂಡು ನೀರಿನವರೆಗೆ ಒಯ್ದೆವು. ಅವಳು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಆಳದ ಕಡೆಗೆ ನೂಕಿದಳು.

ಕಾಪಾಡಬೇಕಾದದ್ದಕ್ಕೆ ಗುರುತು ಹಾಕಬೇಕೆಂದು ಕಾಲೇಜಿನಲ್ಲಿ ಕಲಿತವಳು ನಾನು. ಗುರುತು ಕಂಡಲ್ಲೆಲ್ಲ ಜನ ದಾರಿ ಮಾಡಿಕೊಳ್ಳುವ ಈ ಕಾಲದಲ್ಲಿ ಯಾವುದನ್ನು ಹೇಗೆ ಕಾಯುವುದೆಂದು ಯೋಚಿಸಿ ಯೋಚಿಸಿ ದಣಿದಿದ್ದೇನೆ. ದೊಡ್ಡವ್ವ ದಣಿದರೂ ಕೂರುವವಳಲ್ಲ. ದಾರಿಯಲ್ಲೇ ನಿಂತಿರುತ್ತಾಳೆ. “ಆಮಿಯಪ್ಪ ಎಲ್ಲದಾನ್ರಿ?” ಎಂದು ಕೇಳುವವರಿಗೆ, “ಹೊಳಿಗೆ ಹೋಗ್ಯಾನ್ರಿ, ಯಾವಾಗ ಬರತಾನೋ ಗೊತ್ತಿಲ್ಲ,” ಎನ್ನುತ್ತಾಳೆ. ಕೆಲವರು ಗೊಣಗಿ ಗಾಡಿ ತಿರುಗಿಸುತ್ತಾರೆ.

ಗಾಳಿ ಮರಳನ್ನು ಸಮ ಮಾಡಿದೆ. ಗೂಡು ಯಾವ ಮಗ್ಗುಲಿಗಿತ್ತೆಂದು ಈಗ ನನಗೂ ಖಚಿತವಿಲ್ಲ. ದೊಡ್ಡವ್ವ ಮರಳಿನಲ್ಲಿದ್ದಾಗ ಬುತ್ತಿ ಒಯ್ದರೆ, ಎಲ್ಲಿ ಕಾಲಿಟ್ಟರೆ ಏನೋ ಎಂದು, ನೀರಂಚಿನಲ್ಲೇ ನಿಂತು, ಗೂಡಿನ ಜಾಗ ಬಲ್ಲ ಅವಳನ್ನೇ ಕೈಬೀಸಿ ಇತ್ತ ಕರೆಯುತ್ತೇನೆ.