ತಂತಿ ಸಡಿಲಿಸಿದ ಗುಟ್ಟು

ನನ್ನ ಅಂಕಣ ಓದಿ ಒಬ್ಬರು ಹಾಡುವುದನ್ನೇ ಬಿಟ್ಟುಬಿಟ್ಟರು.

ಇಷ್ಟು ವರ್ಷದಿಂದ ವಾರ ವಾರ ಬರೆಯುತ್ತಿದ್ದೇನೆ. ಓದಿ ಯಾರೋ ಸಿಗರೇಟು ಬಿಟ್ಟರು ಅನ್ನುವ ಸುದ್ದಿ ಬಂದಿಲ್ಲ. ಸೀರಿಯಲ್ ಬಿಟ್ಟ ಸುದ್ದಿಯೂ ಇಲ್ಲ. ಕೊನೆಗೂ ಒಬ್ಬರು ಏನನ್ನೋ ಬಿಟ್ಟರಲ್ಲ ಅಂದುಕೊಂಡರೆ, ಅದು ಹಾಡು. ಬಿಟ್ಟವರು ನಮ್ಮ ರಂಗಣ್ಣ.

ರಂಗಣ್ಣ ಯಾರು ಅಂತ ಕೇಳಿದಿರಾ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿಸಿದರೆ ಸಿಗುವ ಏಕೈಕ ರಾಕ್ ಬ್ಯಾಂಡಿನ ಗಾಯಕ. (ನಗಬೇಡಿ. ರಾಕ್ ಬ್ಯಾಂಡ್ ಅಂದರೆ ನಿಜವಾದ ರಾಕ್ ಬ್ಯಾಂಡ್. ಗಿಟಾರ್, ಡ್ರಮ್ಸ್, ಅಕ್ಕಪಕ್ಕದವರ ಬೈಗುಳ, ಎಲ್ಲ ಇದೆ.) ಬ್ಯಾಂಡಿನ ಹೆಸರು 'ನಾಲ್ಕು ತಾಲ್ಲೂಕು'. ಕಾಲೇಜಿನಲ್ಲಿ ನಾಲ್ಕು ಹುಡುಗರು ಸೇರಿ ಕಟ್ಟಿದ್ದು, ಒಬ್ಬೊಬ್ಬರು ಒಂದೊಂದು ತಾಲ್ಲೂಕು. ಈಗ ನಾಲ್ವರಿಗೂ ಐವತ್ತೈದು ದಾಟಿದೆ. ಬ್ಯಾಂಡ್ ಮಾತ್ರ ಒಂದು ದಿನವೂ ಒಡೆದಿರಲಿಲ್ಲ. ಮೊನ್ನೆ ನಾನು ಒಡೆಯುವವರೆಗೆ.

ಮಧುಗಿರಿಯ ಪಾಲಿನ ಮನುಷ್ಯ ನಮ್ಮ ಮನೆಯವರು, ಸದಾಶಿವ. ವಾರವೆಲ್ಲ ಬೀಜ, ಗೊಬ್ಬರದ ಅಂಗಡಿ, ಭಾನುವಾರ ಬೇಸ್ ಗಿಟಾರ್. ಶಿರಾದ ಬಾಷಾ ಟೈರ್ ಅಂಗಡಿಯವರು, ಲೀಡ್ ಗಿಟಾರ್. ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯ ಓಬಳೇಶ್ ಹೈಸ್ಕೂಲ್ ಮೇಷ್ಟ್ರು. ಡ್ರಮ್ಸ್ ಬಾರಿಸುತ್ತಾರೆ, ಪಕ್ಕದಲ್ಲಿ ಒಂದು ತಮಟೆಯನ್ನೂ ಇಟ್ಟುಕೊಂಡಿರುತ್ತಾರೆ. ಕೊರಟಗೆರೆಯ ರಂಗಣ್ಣ ಪ್ರೈವೇಟ್ ಬಸ್ ಏಜೆಂಟ್. ಬೆಳಗಿನಿಂದ ಸಂಜೆವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವುದು ಅವರ ಕೆಲಸ. ಭಾನುವಾರ ಮಧ್ಯಾಹ್ನ ನಮ್ಮ ಗೋಡೌನಿನಲ್ಲಿ, ಗೊಬ್ಬರದ ಮೂಟೆಗಳ ನಡುವೆ ಪ್ರಾಕ್ಟೀಸು. ನನ್ನ ಪಾಲಿಗೆ ಬಂದದ್ದು ಟೀ. ಸಕ್ಕರೆ ಹಾಕಿದ್ದು ಎರಡು, ಹಾಕದ್ದು ಎರಡು.

ಇನ್ನು ಆ ಗುಟ್ಟು.

ನಮ್ಮ ಕಡೆ ಊರೂರಲ್ಲೂ ಪೌರಾಣಿಕ ನಾಟಕ ಆಡುತ್ತಾರೆ ಅಂತ ನಿಮಗೆ ಗೊತ್ತು. ಪಾತ್ರಧಾರಿಯ ಮರ್ಯಾದೆ ಇರುವುದು ಅವನು ಹಾರ್ಮೋನಿಯಂನ ಯಾವ ಮನೆಗೆ ಹಾಡುತ್ತಾನೆ ಅನ್ನುವುದರಲ್ಲಿ. "ನಮ್ಮೂರ ಅರ್ಜುನ ಬಿಳಿ ನಾಲ್ಕು ಕಣಪ್ಪ!" ಅಂದರೆ ನಾಲ್ಕನೇ ಬಿಳಿ ಕೀಲಿಯನ್ನು ಶ್ರುತಿಯಾಗಿ ಹಿಡಿದು ಹಾಡುವ ಗಂಡಸು ಅಂತ. ಮನೆ ಮೇಲೆ ಹೋದಷ್ಟೂ ದನಿ ಮೇಲೆ, ಮೀಸೆಯೂ ಮೇಲೆ. ರಂಗಣ್ಣನ ತಂದೆ ಹೆಸರಾಂತ ಹಾರ್ಮೋನಿಯಂ ಮೇಷ್ಟ್ರು. ಮಗ ರಾಕ್ ಹಾಡಲು ಹೊರಟಾಗ ಅವರು ಒಂದೇ ಪ್ರಶ್ನೆ ಕೇಳಿದರಂತೆ. "ಯಾವ ಮನೆಗ್ಲಾ ಹಾಡ್ತೀಯ?" ಬಿಳಿ ನಾಲ್ಕು ಅಂದದ್ದಕ್ಕೆ ಸುಮ್ಮನಾದರಂತೆ.

ಬ್ಯಾಂಡಿನ ಒಂದೇ ಒಂದು ಹಿಟ್ ಹಾಡು 'ಏರ್ತೀನಿ ಬೆಟ್ಟ'. ಅದರಲ್ಲಿ 'ಏರ್ತೀನೀ' ಅಂತ ಒಂದು ಕೂಗು ಬರುತ್ತದೆ. ಹುಡುಗನಾಗಿದ್ದಾಗ ರಂಗಣ್ಣ ಅದನ್ನು ತೆಗೆದರೆ ಮಧುಗಿರಿ ಬೆಟ್ಟದ ಮೇಲಿನ ಮಂಗಗಳು ಕೆಳಗೆ ಬರುತ್ತಿದ್ದವು ಅಂತ ನಮ್ಮ ಮನೆಯವರ ವಾದ. ವಯಸ್ಸಾಯಿತು. ಬಸ್ಸು ಕೂಗಿ ಕೂಗಿ ಗಂಟಲು ದಪ್ಪವಾಯಿತು. 'ಏರ್ತೀ' ವರೆಗೆ ಏರಿ, 'ನೀ' ಹತ್ತಿರ ಕಾಲು ಜಾರತೊಡಗಿತು.

ಮನೆ ಇಳಿಸೋಣ ಅಂತ ಹಾರ್ಮೋನಿಯಂ ಮೇಷ್ಟ್ರ ಮಗನಿಗೆ ಹೇಳುವವರು ಯಾರು? ಯಾರೂ ಹೇಳಲಿಲ್ಲ. ಅದರ ಬದಲು ಉಳಿದ ಮೂವರೂ ಕಳ್ಳತನಕ್ಕೆ ಇಳಿದರು. ಕೊರಟಗೆರೆ ಬಸ್ಸು ಬರುವ ಮೊದಲೇ ಗೋಡೌನಿನಲ್ಲಿ ಸೇರಿ ಗಿಟಾರಿನ ತಂತಿಗಳನ್ನು ಒಂದು ಕೂದಲೆಳೆ ಸಡಿಲ ಮಾಡುವುದು. ಒಂದು ವರ್ಷ ಬಿಳಿ ನಾಲ್ಕರಿಂದ ಬಿಳಿ ಮೂರಕ್ಕೆ. ಇನ್ನೊಂದೆರಡು ವರ್ಷ ಬಿಟ್ಟು ಅಲ್ಲಿಂದ ಕಪ್ಪು ಎರಡಕ್ಕೆ. ಅಷ್ಟಾದರೂ ಆ 'ನೀ' ಬರುವ ಹೊತ್ತಿಗೆ ಓಬಳೇಶ್ ಮೇಷ್ಟ್ರು ಸಿಂಬಲ್ಲಿನ ಹಿತ್ತಾಳೆ ತಟ್ಟೆಗೆ ರಪ್ಪನೆ ಬಾರಿಸಿ ಎಲ್ಲವನ್ನೂ ಮುಚ್ಚಿಬಿಡುವುದು. ರಂಗಣ್ಣ ಬಂದು, ಹಾಡಿ, "ಗಂಟ್ಲು ಇನ್ನೂ ಅಂಗೇ ಐತೆ ಕಣ್ರಲಾ" ಅಂತ ಮೀಸೆ ತಿರುವುವುದು. ಮೂವರೂ ಗಂಭೀರವಾಗಿ ತಲೆಯಾಡಿಸುವುದು.

ಇದನ್ನು ನಮ್ಮ ಮನೆಯವರು ಒಂದು ದಿನ ಊಟ ಮಾಡುತ್ತಾ, ನಗುತ್ತಾ ಹೇಳಿದರು. ಅಂಕಣಕಾರ್ತಿಯ ಮುಂದೆ ಹೇಳಬಹುದಾದ ಮಾತೇ ಇದು? ಮುಂದಿನ ವಾರವೇ ಬರೆದೆ. ಗಂಡಸರ ಸ್ನೇಹ ಎಷ್ಟು ಚಂದ, ಗೆಳೆಯನಿಗೆ ಗೊತ್ತಾಗದ ಹಾಗೆ ತಂತಿ ಸಡಿಲಿಸುವ ಪ್ರೀತಿ ಎಷ್ಟು ದೊಡ್ಡದು, ಅಂತೆಲ್ಲ. ಹೆಸರು ಹಾಕಿರಲಿಲ್ಲ. ಜಾಣೆ ಅಂದುಕೊಂಡಿದ್ದೆ. ಈ ಸೀಮೆಯಲ್ಲಿ ಇರುವುದೇ ಒಂದು ರಾಕ್ ಬ್ಯಾಂಡು, ಹೆಸರು ಬೇರೆ ಹಾಕಬೇಕಿತ್ತೇ?

ಆ ಭಾನುವಾರ ಕೊರಟಗೆರೆ ಬಸ್ಸು ಬಂತು, ರಂಗಣ್ಣ ಬರಲಿಲ್ಲ. ಫೋನ್ ಸ್ವಿಚ್ ಆಫ್. ಸೋಮವಾರ ಬಾಷಾ ಅವರಿಗೆ ಒಂದು ಸಾಲಿನ ಮೆಸೇಜು ಬಂತು. "ನಾನು ಇನ್ನು ಹಾಡಲ್ಲ. ಬೇರೆಯವರನ್ನ ನೋಡ್ಕಳಿ."

ಹನ್ನೊಂದು ದಿನ ಬಿಟ್ಟು ನಾವೆಲ್ಲ ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮಾವೇಶ. ಬ್ಯಾಂಡ್ ಹುಟ್ಟಿದ ಅದೇ ಸ್ಟೇಜಿನಲ್ಲಿ ಕಾರ್ಯಕ್ರಮ. ನಮ್ಮ ಮನೆಯವರು ನನಗೆ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸುಮ್ಮನೆ ಗಿಟಾರ್ ಒರೆಸಿ ಕವರಿಗೆ ಹಾಕಿ ಜಿಪ್ ಎಳೆದರು. ಇನ್ನೊಬ್ಬರ ಗುಟ್ಟನ್ನು ಮಾರಿ ಶಭಾಷ್‌ಗಿರಿ ತೆಗೆದುಕೊಂಡಿದ್ದೆ. ನಾಚಿಕೆಯಾಯಿತು. ಮಾರನೇ ದಿನ ಬೆಳಿಗ್ಗೆಯೇ ಕೊರಟಗೆರೆ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನಲ್ಲಿ ರಂಗಣ್ಣ ತಮ್ಮ ಕೆಲಸದಲ್ಲಿದ್ದರು. "ಮಧುಗಿರಿ, ಮಿಡಿಗೇಶಿ, ಪಾವಗಡಾ..." ಕಂಬದ ಹಿಂದೆ ನಿಂತು ಕೇಳಿದೆ. ಕಿರುಚಾಟವೇ ಇಲ್ಲ. ದಪ್ಪನೆಯ, ನಿಧಾನದ ದನಿ. ಪಕ್ಕದ ಹುಡುಗ ಏಜೆಂಟರು ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದರೂ ಜನ ತಿರುಗಿ ನೋಡುತ್ತಿದ್ದದ್ದು ಇವರ ಕಡೆಗೆ. ಕಾಲೇಜಿನ ದಿನಗಳಿಂದ ಇವರನ್ನು ಬಲ್ಲೆ. ಈ ದನಿಯನ್ನು ನಾನು ಕೇಳಿಯೇ ಇರಲಿಲ್ಲ.

ನನ್ನನ್ನು ಕಂಡು ಮುಖ ತಿರುಗಿಸುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಬೆಂಚು ಒರೆಸಿ ಕೂರಿಸಿ, ಟೀ ತರಿಸಿದರು. (ಸಕ್ಕರೆ ಹಾಕದ್ದು. ಅವರೂ ಈಗ ಆ ಪಾರ್ಟಿ.)

"ತಪ್ಪಾಯ್ತು ರಂಗಣ್ಣ. ನಿಮಗೆ ಗೊತ್ತಿಲ್ಲದ ವಿಷಯ ಊರಿಗೆಲ್ಲ ಹೇಳಿಬಿಟ್ಟೆ."

"ಗೊತ್ತಿಲ್ಲದ ವಿಷ್ಯ ಅಂದ್ರೆ?"

"ಅದೇ, ತಂತಿ..."

"ಏನಮ್ಮಾ ನೀವು! ನಾನು ಆರ್ಮೋನಿ ಮೇಷ್ಟ್ರ ಮಗ. ಬಿಳಿ ನಾಕಕ್ಕೂ ಬಿಳಿ ಮೂರಕ್ಕೂ ವ್ಯತ್ಯಾಸ ತಿಳಿಯಕಿಲ್ವಾ ನಂಗೆ? ಮೊದಲ್ನೇ ದಿನಾನೇ ಗೊತ್ತಾತು."

ಟೀ ಲೋಟ ಬೆಂಚಿನ ಮೇಲಿಟ್ಟೆ. "ಮತ್ತೆ ಹೇಳಲಿಲ್ಲ ಯಾಕೆ?"

"ಹೆಂಗೆ ಹೇಳ್ಲಿ? ಪಾಪ, ಅವರು ನಂಗೆ ಬೇಜಾರಾಗ್ಬಾರ್ದು ಅಂತ ಕದ್ದು ಮಾಡ್ತಾವ್ರೆ. ಗೊತ್ತಾತು ಅಂದ್ರೆ ಅವರಿಗೆ ಬೇಜಾರು. ಅವರು ಮುಚ್ಚಿಟ್ರು, ನಾನೂ ಮುಚ್ಚಿಟ್ಟೆ. ಚೆಂದಾಗಿ ನಡೀತಿತ್ತು ಕಣಮ್ಮ. ನೀವು ಬರ್ದ್‌ಬುಟ್ರಿ."

ಎಂಥ ಬ್ಯಾಂಡು ನೋಡಿ! ಮೂವರು ಒಬ್ಬನಿಗಾಗಿ ಸುಳ್ಳು ಹೇಳುತ್ತಿದ್ದರು, ಆ ಒಬ್ಬ ಮೂವರಿಗಾಗಿ ಸುಳ್ಳನ್ನು ನಂಬುತ್ತಿದ್ದ. ನಡುವೆ ನಾನೊಬ್ಬಳು ಸತ್ಯವಂತೆ.

"ಈಗ ಸ್ಟೇಜ್ ಮ್ಯಾಲೆ ನಿಂತ್ರೆ ಎಲ್ಲಾ ನನ್ನ ಗಂಟ್ಲನ್ನೇ ನೋಡ್ತಾರೆ. ಅಪ್ಪನ ಮರ್ಯಾದಿ ಬೇರೆ. ಅದ್ಕೇ ಸಾಕು ಅಂದ್ಬುಟ್ಟೆ" ಅಂದರು ರಂಗಣ್ಣ.

ನನಗೆ ಸಂಗೀತ ಗೊತ್ತಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ. "ಈಗ ಬಸ್ಸು ಕೂಗಿದಿರಲ್ಲ, ಅದು ಯಾವ ಮನೆ?"

ಅವರು ಒಂದು ಕ್ಷಣ ಕಣ್ಣು ಮುಚ್ಚಿ, ಗಂಟಲಲ್ಲೇ ಗುನುಗಿ ನೋಡಿದರು. "ಬಿಳಿ ಒಂದು ಇರ್ಬೌದು" ಅಂದರು, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ.

"ಅದರಲ್ಲಿ ಯಾಕೆ ಹಾಡಬಾರದು? ಗುಟ್ಟಂತೂ ಬಯಲಾಗಿದೆ. ಇನ್ನು ಯಾರಿಗೆ ಹೆದರಬೇಕು?"

ಪಾವಗಡದ ಬಸ್ಸು ಬಂತು. ರಂಗಣ್ಣ ಕೂಗಲು ಎದ್ದು ಹೋದರು.

ಭಾನುವಾರ ಮಧ್ಯಾಹ್ನ ಗೋಡೌನಿನಲ್ಲಿ ಮೂವರೂ ಮೂಟೆಗಳ ಹಾಗೆ ಕೂತಿದ್ದರು. ಕೊರಟಗೆರೆ ಬಸ್ಸು ಬರುವ ಹೊತ್ತಾಯಿತು. ಬಾಗಿಲಲ್ಲಿ ರಂಗಣ್ಣ! ಕಂಕುಳಲ್ಲಿ ಅಪ್ಪನ ಹಾರ್ಮೋನಿಯಂ. ಮೂಟೆಯ ಮೇಲೆ ಪೆಟ್ಟಿಗೆ ಇಟ್ಟು, ಬಿಳಿ ಒಂದನ್ನು ಒತ್ತಿ ಹಿಡಿದರು. "ಲೇ ಸದಾಶಿವ, ಬಿಚ್ಚೋದಾದ್ರೆ ಪೂರ್ತಿ ಬಿಚ್ಚು. ಕದ್ದು ಕದ್ದು ಏನ್ ಸಡಿಲ ಮಾಡ್ತೀಯ?"

ನಮ್ಮ ಮನೆಯವರು ತಂತಿ ತಿರುಗಿಸತೊಡಗಿದರು. ಕಣ್ಣು ಒದ್ದೆಯಾಗಿತ್ತು. ಗೊಬ್ಬರದ ಧೂಳು ಅಂದರು.

ತಂತಿ ಅಷ್ಟು ಸಡಿಲವಾದರೆ ಗಿಟಾರು ಜೊಂಯ್ ಅನ್ನುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು. "ಅರೇ ಭಾಯ್, ಇದು ಟೈರ್ ಪಂಕ್ಚರ್ ಆದಂಗೆ ಕೇಳ್ತದೆ. ದಪ್ಪ ತಂತಿ ಬೇಕು, ಜರಾ ತಡೀರಿ" ಅಂತ ಬಾಷಾ ತುಮಕೂರಿಗೇ ಹೋಗಿ ಸಂಜೆಯೊಳಗೆ ತಂದರು. ದಪ್ಪ ತಂತಿಯ ಮೇಲೆ ಬೆರಳು ಮೊದಲಿನಂತೆ ಓಡುವುದಿಲ್ಲ. ಹಾಗಾಗಿ ಹತ್ತು ಸ್ವರ ನುಡಿಸುವ ಕಡೆ ಮೂರು ನುಡಿಸಿದರು. ಆ ಮೂರೂ ಕಿವಿಯಲ್ಲಿ ಉಳಿದವು. ಮುಚ್ಚಿಹಾಕಲು ಕೂಗೇ ಇಲ್ಲದ ಮೇಲೆ ಸಿಂಬಲ್ ಬಾರಿಸುವುದೇನು? ಓಬಳೇಶ್ ಮೇಷ್ಟ್ರು ಕೋಲು ಕೆಳಗಿಟ್ಟು ತಮಟೆ ಎತ್ತಿಕೊಂಡರು. "ಚೂಡು ಸಾಮೀ, ಇಷ್ಟು ದಿನ ನಾನು ಡ್ರಮ್ಸ್ ಬಾರ್ಸಿಲ್ಲ, ಬರೀ ಕಾವಲು ಕಾದಿದ್ದೀನಿ" ಅಂದರು, ತಮ್ಮ ಪಾವಗಡದ ತೆಲುಗು ಬೆರೆಸಿ.

ಆವತ್ತು ರಂಗಣ್ಣ ಹಾಡಿದ್ದು ಹೊಸದೊಂದು. ಬಸ್‌ಸ್ಟ್ಯಾಂಡಿನಲ್ಲೇ ಕೂತು ಟಿಕೆಟಿನ ಹಿಂಬದಿಯಲ್ಲಿ ಬರೆದದ್ದಂತೆ. "ಯಾರೂ ಹತ್ತದ ಬಸ್ಸಿಗೂ ಒಬ್ಬ ಕೂಗ್ಬೇಕಲ್ವಾ, ಊರಿನ ಹೆಸರು ಊರಿಗೆ ತಲುಪ್ಬೇಕಲ್ವಾ." ನಾನು ಟೀ ಹಿಡಿದು ಬಾಗಿಲಲ್ಲೇ ನಿಂತೆ. ನಾಲ್ಕು ಲೋಟವೂ ಆರಿಹೋಯಿತು. ಇಷ್ಟು ವರ್ಷ ನಾನು ಕೇಳಿದ್ದು ಸದ್ದು. ಈ ಮನುಷ್ಯರಿಗೆ ಹೇಳುವುದಕ್ಕೆ ಏನೋ ಇದೆ ಅಂತ ಹೊಳೆದದ್ದು ಆವತ್ತು. ವಿಚಾರಿಸಿದರೆ, ರಂಗಣ್ಣ ಬರೆದ ಇಂಥ ಹಾಡು ಇನ್ನೂ ಏಳೆಂಟು ಇವೆಯಂತೆ! ಹುಣಸೆಹಣ್ಣು ಬಡಿಯುವ ಹೆಂಗಸರ ಮೇಲೊಂದು, ಮೇಷ್ಟ್ರೊಬ್ಬರ ರಿಟೈರ್ಮೆಂಟಿನ ಮೇಲೊಂದು. ಎಲ್ಲ ಈಚಿನ ನಾಲ್ಕೈದು ವರ್ಷದವು. ಯಾರೂ ಕೇಳುವುದಿಲ್ಲ ಅಂತ ಸ್ಟೇಜಿಗೆ ತಂದಿರಲಿಲ್ಲ ಅಷ್ಟೆ.

ಯಾರೂ ಯಾಕೆ ಕೇಳುವುದಿಲ್ಲ? ನಮಗೆ ಹಳೆಯದೇ ಬೇಕು. ಮದುವೆಯಾದ ಹೊಸದರಲ್ಲಿ ಮಾಡಿದಂಥ ಹೋಳಿಗೆಯೇ ಆಗಬೇಕು. ನಲವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಅದಕ್ಕಿಂತ ಒಳ್ಳೆಯದು ಬರುತ್ತದೇನೋ ಅಂತ ಯಾರಿಗಾದರೂ ಅನ್ನಿಸುತ್ತದೆಯೇ? "ನೀವು ಮೊದಲಿನ ಹಾಗೆ ಇಲ್ಲ" ಅನ್ನುವುದನ್ನು ನಾವು ಯಾವಾಗಲೂ ದೂರಿನ ದನಿಯಲ್ಲೇ ಹೇಳುತ್ತೇವೆ. ಅದು ಹೊಗಳಿಕೆಯೂ ಆಗಿರಬಹುದಲ್ಲ?

ಸಮಾವೇಶದ ಸಂಜೆ ಬಂತು. ಐದು ಗಂಟೆಯ ಬಿಸಿಲು ಬೆಟ್ಟದ ಮೇಲಿತ್ತು. ಬ್ಯಾಂಡ್ ಸ್ಟೇಜ್ ಹತ್ತುತ್ತಿದ್ದ ಹಾಗೆ ನಮ್ಮ ಕಾಲದವರೆಲ್ಲ ಶುರು ಹಚ್ಚಿಕೊಂಡರು. "ಏರ್ತೀನಿ ಬೆಟ್ಟ! ಏರ್ತೀನಿ ಬೆಟ್ಟ!" ಒಬ್ಬ ಮಹಾಶಯ ಹಿಂದಿನಿಂದ, "ತಂತಿ ಬಿಗಿ ಮಾಡ್ಕೊಂಡು ಹಾಡ್ರಪ್ಪೋ!" ಅಂತ ಕೂಗಿದ. ಜನ ನಕ್ಕರು. ನನ್ನ ಅಂಕಣದ ಓದುಗ! ನನಗೆ ಕುರ್ಚಿಯ ಕೆಳಗೆ ಅಡಗಿಕೊಳ್ಳೋಣ ಅನ್ನಿಸಿತು.

ರಂಗಣ್ಣ ಮೈಕ್ ಹಿಡಿದು ನಗು ನಿಲ್ಲುವವರೆಗೂ ಕಾದರು.

"ಆ ಹಾಡು ಹಾಡ್ತಿದ್ದ ಹುಡ್ಗ ಈಗಿಲ್ಲ ಕಣ್ರಪ್ಪ. ಒಳ್ಳೇ ಹುಡ್ಗ, ಕಿರುಚ್ತಿದ್ದ. ಅವನಿಗೆ ಗೊತ್ತಿಲ್ದೇ ಇರೋ ಒಂದಷ್ಟು ನಂಗೆ ಗೊತ್ತೈತೆ. ಅದನ್ನ ಕೇಳೋರು ಕೂತ್ಕಳಿ. ಬ್ಯಾಡ ಅನ್ನೋರಿಗೆ ಅಲ್ಲಿ ಬೋಂಡ ಐತೆ."

ಬೋಂಡದ ಕಡೆ ಕೆಲವರು ಹೋದರು. ಸುಳ್ಳು ಹೇಳುವುದಿಲ್ಲ. ತಮಟೆ ಮೆಲ್ಲಗೆ ಶುರುವಾಯಿತು. ಬಸ್ಸಿನ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಬೋಂಡ ಕೈಯಲ್ಲಿ ಹಿಡಿದುಕೊಂಡೇ ಒಬ್ಬೊಬ್ಬರೂ ವಾಪಸ್ಸು ಬಂದು ನಿಂತರು. ಹಾಡು ಮುಗಿದಾಗ ಬೋಂಡವನ್ನು ಬಾಯಿಗೆ ತುರುಕಿ ಚಪ್ಪಾಳೆ ತಟ್ಟಿದರು. ತಟ್ಟಿದ್ದು ನಿಲ್ಲಲೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಈಗಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಇನ್ನೊಂದು ಹೊಸದು!" ಅಂದಳು. ನಮ್ಮ ಮನೆಯವರ ಮುಖ ಆಗ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಖುಷಿಯಾಗಿ ಕಂಡಿರಲಿಲ್ಲ.

ಕೆಳಗಿಳಿದ ರಂಗಣ್ಣನನ್ನು ಹೆದರುತ್ತಲೇ ಕೇಳಿದೆ. "ಇದೇ ಕೊನೇ ಪ್ರೋಗ್ರಾಮಾ?"

"ಕೊನೇದಾ? ಈಗ ತಾನೇ ಗಂಟ್ಲು ಕುದುರ್‍ತಾ ಐತೆ ಕಣಮ್ಮ" ಅಂದರು ರಂಗಣ್ಣ.

ನೀವೂ ಯಾರಿಗಾದರೂ "ಇನ್ನು ಸಾಕು ಬಿಡಿ" ಅಂದಿರುತ್ತೀರಿ. ಅವರ ಹೊಸ ಹಾಡು ಕೇಳಿದ ಮೇಲೆ ಅಂದಿರಾ, ಕೇಳದೆಯೇ ಅಂದಿರಾ?