ಹಲ್ಲಿನಿಂದ ಕೇಳುತ್ತಿದ್ದ ಮೇಸ್ತ್ರಿ

ಅವರ ಮುಂದಿನ ಎರಡು ಹಲ್ಲುಗಳ ತುದಿ ಅರ್ಧಚಂದ್ರದ ಹಾಗೆ ಸವೆದಿತ್ತು. ಬೀಡಿಯಿಂದಲೋ ಅಡಿಕೆಯಿಂದಲೋ ಆದದ್ದಲ್ಲ, ಒಂದು ಮೊಳದ ಕಟ್ಟಿಗೆಯಿಂದ ಆದದ್ದು. ಕಟ್ಟಿಗೆಯ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹರೆಯದಲ್ಲಿ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ದೊಡ್ಡ ಎಂಜಿನ್ನಿನ ಮಗ್ಗುಲಿಗೆ ವರ್ಷಗಟ್ಟಲೆ ನಿಂತು ಅವರ ಎರಡೂ ಕಿವಿ ಹೋಗಿದ್ದವು. ಕಿವಿಯಿಂದ ಬರದ ಸದ್ದು ಹಲ್ಲಿನಿಂದ, ದವಡೆಯ ಎಲುಬಿನಿಂದ ಅವರೊಳಗೆ ಹೋಗುತ್ತಿತ್ತು. ನಾವು ಮಾತಾಡಿದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಅವರು ಸಿಂದಗಿ ಮೇಸ್ತ್ರಿ ಎಂದೇ ಪರಿಚಿತರು.

ನನ್ನ ಕಿವಿಗಳು ನೆಟ್ಟಗಿದ್ದವು. ಸೋಲಾಪುರದಲ್ಲಿ ಆರು ವರ್ಷ ಕೆಲಸ ಕಲಿತು, ಎಪ್ಪತ್ತರ ದಶಕದ ಶುರುವಿನಲ್ಲಿ ವಿಜಾಪುರ ಜಿಲ್ಲೆಯ ಇಂಡಿ ಊರಿನ ಬಸ್ ನಿಲ್ದಾಣದ ಹತ್ತಿರ ಗ್ಯಾರೇಜು ಹಾಕಿದ್ದೆ. ಇಂಡಿಯ ಗಾಡಿಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ ಎಂದುಕೊಂಡಿದ್ದೆ. ಬಂದವು ಕೂಡ. ಆದರೆ ಕಠಿಣ ಕೆಲಸವೆಂದರೆ ಜನ ನನ್ನನ್ನು ದಾಟಿ ಸಿಂದಗಿಗೆ ಹೋಗುತ್ತಿದ್ದರು. ತಾಂಬಾದ ಲಾರಿ ಮಾಲೀಕನೊಬ್ಬ ನನ್ನಲ್ಲಿ ಮೂರು ದಿನ ನಿಂತಿದ್ದ ಲಾರಿಯನ್ನು ಎಳೆಸಿಕೊಂಡು ಅವರಲ್ಲಿಗೆ ಒಯ್ದ. ಮರುದಿನ ನನ್ನ ಬಾಗಿಲಲ್ಲೇ ನಿಲ್ಲಿಸಿ, "ಚಾ ಕುಡ್ಯೂದ್ರಾಗ ಬ್ಯಾನಿ ಹಿಡದ್ರು ನೋಡಪಾ" ಎಂದ.

"ಕಿವುಡ ಅದಾನ ಅಂವಾ. ಏನ ಕೇಳಸ್ತೈತಿ ಅವಗ?" ಎಂದೆ ನಾನು, ಚಹಾದಂಗಡಿಯಲ್ಲಿ ಎಲ್ಲರೆದುರು. ಯಾರೂ ನಗಲಿಲ್ಲ. ಅದು ಇನ್ನಷ್ಟು ಉರಿಸಿತು. ನನ್ನ ಹೆಂಡತಿ ಒಂದು ದಿನ, "ಒಮ್ಮೆ ಹೋಗಿ ಅವರ ಕಡೆ ಕೇಳಿ ಬರಬಾರದೇನ್ರಿ?" ಅಂದಾಗ ನಾನು ಅರ್ಧ ಊಟಕ್ಕೇ ಕೈ ತೊಳೆದಿದ್ದೆ.

ನಮ್ಮಿಬ್ಬರನ್ನು ಒಂದೇ ಬಾನೆಟ್ಟಿನ ಕೆಳಗೆ ತಂದದ್ದು ಡಾಕ್ಟರರ ಕಾರು. ಇಂಡಿಯ ಹಳೆಯ ಡಾಕ್ಟರರೊಬ್ಬರು ಸ್ವಾತಂತ್ರ್ಯಕ್ಕೂ ಮುಂಚಿನ ವಿಲಾಯತಿ ಕಾರಿನಲ್ಲಿ ಹಳ್ಳಿಗಳಿಗೆ ಹೋಗುತ್ತಿದ್ದರು. ಕಪ್ಪು ಬಣ್ಣ, ಪಕ್ಕದಲ್ಲಿ ಮೆಟ್ಟಿಲು, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಶುರುವಾಗುವ ಎಂಜಿನ್. ಅವರ ಹೆಂಡತಿ ಹೆರಿಗೆಯ ಕೆಲಸ ಕಲಿತವರು, ಊರಿಗೆಲ್ಲ ಅಕ್ಕಾವರು. ಡಾಕ್ಟರರು ಅವರಿಗೆ ಕಾರು ಓಡಿಸುವುದನ್ನೂ ಕಲಿಸಿದ್ದರು. ಡಾಕ್ಟರರು ತೀರಿಕೊಂಡ ಮೇಲೆ ಅಕ್ಕಾವರು ತಾವೇ ಓಡಿಸಿಕೊಂಡು ಹೆರಿಗೆಗೆ ಹೋಗತೊಡಗಿದರು. ವರ್ಷದೊಳಗೆ ಎಂಜಿನ್ ಒಳಗಿನಿಂದ ಬಡಿಯಲು ಶುರುವಾಯಿತು. ಏರು ಬಂದರೆ ನಿಲ್ಲುತ್ತಿತ್ತು. ಒಮ್ಮೆ ಝಳಕಿಯ ದಾರಿಯಲ್ಲಿ ನಿಂತೇಬಿಟ್ಟು, ಅಕ್ಕಾವರು ಎತ್ತಿನ ಬಂಡಿ ಹತ್ತಿ ಹೋಗುವಷ್ಟರಲ್ಲಿ ಅಲ್ಲಿ ಕೂಸು ಹುಟ್ಟಿಯಾಗಿತ್ತು. ತಾಯಿ, ಕೂಸು ಇಬ್ಬರೂ ಉಳಿದರು. ಆದರೆ ಅಕ್ಕಾವರ ಧೈರ್ಯ ಹೋಯಿತು.

ನಾನು ನೋಡಿ, "ಎಂಜಿನ್ ಮುಗದೈತ್ರಿ ಅಕ್ಕಾರ. ಗುಜರಿಗೆ ಹಾಕೂದs ಚೊಲೋ" ಎಂದೆ. ಬಸವನ ಬಾಗೇವಾಡಿಯಲ್ಲಿದ್ದ ಅವರ ಅಣ್ಣನೂ ಮಾರಿಬಿಡು ಎಂದೇ ಬರೆದಿದ್ದರು.

ಅಕ್ಕಾವರು ಕಾರಿನ ಬಾನೆಟ್ಟು ಮುಚ್ಚಿದರು. "ನೆನಪಿಗಂದ್ರ ಅವರ ಫೋಟೋ ಐತಿ. ನನಗ ಬೇಕಾದದ್ದು ಓಡೋ ಗಾಡಿ. ಓಡಂಗಿಲ್ಲ ಅಂದ್ರ ನಾಳೆನ ಕೊಟ್ಟುಬಿಡ್ತೇನಿ. ಆದ್ರ ಒಮ್ಮೆ ಸಿಂದಗಿ ಮೇಸ್ತ್ರಿಗೆ ತೋರಸೂನು. ನೀನ ಅವರಿಗೊಂದ ಕಾರ್ಡ ಬರಿ."

ಕಾರ್ಡು ಬರೆದೆ. ಅಂಚೆಗೆ ಹಾಕಲಿಲ್ಲ. ಎಂಟು ದಿನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಮೇಸ್ತ್ರಿಯಿಲ್ಲದೆ ಇಂಡಿಯಲ್ಲಿ ಒಂದು ಗಾಡಿಯ ಹಣೆಬರಹ ತೀರ್ಮಾನವಾಗುವುದಿಲ್ಲವೇ ಎಂಬ ಉರಿ ಒಂದು ಕಡೆ. ಇನ್ನೊಂದು ಕಡೆ, ಯಾರಿಗೂ ಹೇಳದ ಒಂದು ಅಂಜಿಕೆ. ಡಾಕ್ಟರರು ಇದ್ದಾಗಲೇ ನಾನು ಆ ಕಾರಿನ ಎಣ್ಣೆಯ ಪಂಪು ಬಿಚ್ಚಿ ಹಾಕಿದ್ದೆ. ಬಡಿತ ಶುರುವಾದದ್ದು ಅದಾದ ಮೇಲೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ಸಿಂದಗಿ ಬಸ್ಸಿನಿಂದ ಮೇಸ್ತ್ರಿ ಇಳಿದರು. ಬಿಳಿ ಪೈಜಾಮ, ತೋಳು ಮಡಚಿದ ಅಂಗಿ, ಕಂಕುಳಲ್ಲಿ ಕಟ್ಟಿಗೆ. ಉತ್ತರ ಬಾರದ್ದಕ್ಕೆ ಅಕ್ಕಾವರು ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ್ದರಂತೆ.

ಡಾಕ್ಟರರ ಅಂಗಳದಲ್ಲಿ ನಾನು ಹ್ಯಾಂಡಲ್ ತಿರುಗಿಸಿದೆ. ಮೇಸ್ತ್ರಿ ಕಟ್ಟಿಗೆ ಕಚ್ಚಿಕೊಂಡು ಎಂಜಿನ್ನಿನ ಉದ್ದಕ್ಕೂ ನಾಲ್ಕು ಕಡೆ ಆನಿಸಿದರು. ಅವಸರವೇ ಇಲ್ಲ. ಕಟ್ಟಿಗೆಯನ್ನು ಅಂಗಿಯಿಂದ ಒರೆಸಿ, ಅಕ್ಕಾವರ ಕಡೆ ತಿರುಗಿದರು.

"ಮಾಡಬಹುದ್ರಿ. ಆದ್ರ ಹೊಸಾದು ಆಗಂಗಿಲ್ಲ. ತಾಂಬಾ, ಝಳಕಿ ಅಂದ್ರ ಹೋಗಿ ಬರ್ತೈತಿ. ಸೋಲಾಪುರ ಅಂದ್ರ ನಾ ಮಾತ ಕೊಡಂಗಿಲ್ಲ. ಎಷ್ಟ ವರ್ಷ ಅಂತ ಕೇಳಬ್ಯಾಡ್ರಿ. ಮಾರಿದ್ರೂ ತಪ್ಪಲ್ಲ."

"ನೀವು ಏನ ಕೇಳಿದ್ರಿ ಅಲ್ಲೆ?" ಎಂದರು ಅಕ್ಕಾವರು.

ಮೇಸ್ತ್ರಿ ಕಟ್ಟಿಗೆಯನ್ನು ಅವರ ಕಡೆ ಚಾಚಿದರು. ಅಕ್ಕಾವರು ಅದನ್ನು ತೆಗೆದುಕೊಳ್ಳದೆ ಒಳಗೆ ಹೋಗಿ ತಮ್ಮದೇ ಒಂದನ್ನು ತಂದರು. ಬಸುರಿಯ ಹೊಟ್ಟೆಗೆ ಆನಿಸಿ ಕೂಸಿನ ಎದೆಬಡಿತ ಕೇಳುವ ಕಟ್ಟಿಗೆಯ ಕೊಳವೆ. ಸೆರಗು ಸಿಕ್ಕಿಸಿ, ಬಗ್ಗಿ, ಅದಕ್ಕೆ ಕಿವಿ ಹಚ್ಚಿ, ಮೇಸ್ತ್ರಿ ಆನಿಸಿದ ನಾಲ್ಕೂ ಕಡೆ ಆನಿಸಿದರು.

"ಮೂರ ಕಡೆ ಒಂದs ನಮೂನಿ ಐತಿ. ಇಲ್ಲಿ ಅಷ್ಟ ಬಡ್ಯಾಕತ್ತೈತಿ" ಎಂದರು.

ಮೇಸ್ತ್ರಿಯ ಮುಖ ಅರಳಿತು. "ಅಲ್ಲೇ ಐತ್ರಿ ಬ್ಯಾನಿ. ಉಳದದ್ದೆಲ್ಲಾ ಗಟ್ಟಿ ಐತಿ."

"ಹಂಗಾರ ಬಿಚ್ಚ್ರಿ. ಮಾರೂದು ಬ್ಯಾಡ."

ಹೀಗೆ ತೀರ್ಮಾನವಾಯಿತು. ಒಬ್ಬರು ಹಲ್ಲಿನಿಂದ, ಒಬ್ಬರು ಕೊಳವೆಯಿಂದ ಕೇಳಿ ಒಂದೇ ಮಾತು ಆಡಿದ್ದರು. ಎರಡು ಒಳ್ಳೆಯ ಕಿವಿಯವನು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದೆ.

ಆಗ ಮೇಸ್ತ್ರಿ ನನ್ನನ್ನು ಕೇಳಿದರು: "ತಮ್ಮಾ, ಎಣ್ಣಿ ಪಂಪ ಯಾರರೆ ಬಿಚ್ಚಿದ್ರೇನು?"

ನಾನು ತಲೆ ತಗ್ಗಿಸಿ ಹ್ಯಾಂಡಲನ್ನು ನೋಡುತ್ತ, "ಗೊತ್ತಿಲ್ರಿ. ಡಾಕ್ಟರು ವಿಜಾಪುರದಾಗ ಮಾಡಿಸಿರಬೇಕು" ಎಂದೆ.

ಅವರು ಮತ್ತೆ ಕೇಳಲಿಲ್ಲ. ಕಾರಿನ ಕೆಳಗೆ ಇಬ್ಬರೂ ಮಲಗಿ ಎಣ್ಣೆಯ ತೊಟ್ಟಿ ಇಳಿಸಿದೆವು. ಅವರು ಪಂಪು ಬಿಚ್ಚಿದರು. ಅದು ಕೂರುವ ಜಾಗದಲ್ಲಿ ನಾನು ಬೂಟಿನ ಡಬ್ಬಿಯ ರಟ್ಟಿನಿಂದ ಕತ್ತರಿಸಿ ಹಾಕಿದ್ದ ಪ್ಯಾಕಿಂಗ್ ಇತ್ತು. ಎಣ್ಣೆ ಹೋಗುವ ತೂತನ್ನು ಸಣ್ಣದಾಗಿ ಕೊರೆದಿದ್ದೆ. ರಟ್ಟು ಉಬ್ಬಿ ಅದನ್ನು ಮುಕ್ಕಾಲು ಮುಚ್ಚಿತ್ತು. ಎಣ್ಣೆ ಸಾಲದೆ ಮೂರನೆಯ ಬೇರಿಂಗಿನ ಒಳಪದರದ ಬಿಳಿಲೋಹ ಕರಗಿಹೋಗಿತ್ತು. ಮೇಸ್ತ್ರಿ ರಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಮಡಚಿ ಕಿಸೆಯಲ್ಲಿ ಹಾಕಿಕೊಂಡರು.

"ಏನಾಗಿತ್ರಿ?" ಎಂದು ಅಕ್ಕಾವರು ಮೇಲಿನಿಂದ ಕೇಳಿದ್ದು ನನಗೆ ಕೇಳಿಸಿತು, ಮೇಸ್ತ್ರಿಗೆ ಕೇಳಿಸಲಿಲ್ಲ. ನಾವು ಹೊರಗೆ ಬಂದ ಮೇಲೆ ಅಕ್ಕಾವರು ಮತ್ತೆ ಕೇಳಿದರು. "ಎಣ್ಣಿ ದಾರಿ ಕಟ್ಟಿತ್ರಿ" ಎಂದಷ್ಟೇ ಮೇಸ್ತ್ರಿ ಹೇಳಿದರು. "ಬೇರಿಂಗ್ ಹೊಸಾದು ಎರಕಾ ಹೊಯ್ಬೇಕು. ಇವರ ಗ್ಯಾರೇಜಿನ್ಯಾಗ ಮಾಡ್ತೇವಿ. ಈ ಗಾಡಿ ಇವರಿಗೆ ಗೊತ್ತೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಾನ ಉಳಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಇಷ್ಟು ದೊಡ್ಡ ಮನಸ್ಸೂ ಇವರಿಗೇ ಬೇಕಿತ್ತೇ ಎಂದು ಅದರ ಮೇಲೂ ಹೊಟ್ಟೆಕಿಚ್ಚು ಬಂತು.

ಮೇಸ್ತ್ರಿ ಐದು ದಿನ ನಮ್ಮ ಮನೆಯಲ್ಲಿ ಉಳಿದರು. ನನ್ನ ಹೆಂಡತಿ ಅವರಿಗೆ ತಿಳಿಯಲೆಂದು ತುಟಿ ಬಿಡಿಸಿ ನಿಧಾನ ಮಾತಾಡುತ್ತಿದ್ದಳು. ನನ್ನೊಂದಿಗೆ ಎಂದೂ ಅಷ್ಟು ನಿಧಾನ ಮಾತಾಡಿದವಳಲ್ಲ. ಶೇಂಗಾ ಚಟ್ನಿಯನ್ನು ಅವರು ಹೊಗಳಿದರೆಂದು ಮರುದಿನ ಮತ್ತೆ ಕುಟ್ಟಿದಳು. ನಾನು ರೊಟ್ಟಿ ಮುರಿಯುತ್ತ ಕೂತಿದ್ದೆ.

ಕೆಲಸದಲ್ಲಿ ಮಾತ್ರ ಅವರು ಏನನ್ನೂ ಮುಚ್ಚಿಡಲಿಲ್ಲ. ಇದ್ದಿಲ ಒಲೆಯ ಮೇಲೆ ಲೋಹ ಕರಗಿಸಿ, ಅದರಲ್ಲಿ ಒಣ ಕಡ್ಡಿ ಅದ್ದುತ್ತಿದ್ದರು. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ಹದ, ಹೊತ್ತಿಕೊಂಡರೆ ಕಾವು ಹೆಚ್ಚಾಯಿತು. ಎಂಜಿನ್ನಿನ ದಂಡಕ್ಕೆ ಮಸಿ ಬಳಿದು, ಎರಕ ಹೊಯ್ದ ಬೇರಿಂಗನ್ನು ಅದರ ಮೇಲೆ ತಿರುಗಿಸಿ, ಎಲ್ಲಿ ಮಸಿ ಹತ್ತಿದೆಯೋ ಅಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆಯಬೇಕು. ಹೇಗೂ ಬಿಚ್ಚಿದ್ದೇವೆಂದು ನಾಲ್ಕನ್ನೂ ಹೊಸದು ಮಾಡಿಸಿದರು, ಒಂದನ್ನು ತಾವು ಮಾಡಿ ಮೂರನ್ನು ನನಗೆ ಬಿಟ್ಟರು. ಒಂದನ್ನು ನಾನು ಹೆಚ್ಚು ಕೆರೆದು ಕೆಡಿಸಿದೆ. ಮಾತಿಲ್ಲದೆ ಅದನ್ನು ಮತ್ತೆ ಕರಗಿಸಿದರು. "ನಿನ್ನ ಕೈ ಚೊಲೋ ಐತಿ. ಗಡಿಬಿಡಿ ಅಷ್ಟ ಬಿಡು" ಎಂದರು.

ಐದನೆಯ ದಿನ ಮಧ್ಯಾಹ್ನ ಎಂಜಿನ್ ಶುರುವಾಯಿತು. ಬಡಿತ ಇರಲಿಲ್ಲ. ಮೇಸ್ತ್ರಿ ಕಟ್ಟಿಗೆ ಕಚ್ಚಿ ಕೇಳಿದರು, ಆಮೇಲೆ ಅದನ್ನು ಬದಿಗಿಟ್ಟು ನನ್ನ ತುಟಿಯನ್ನೇ ನೋಡುತ್ತ, "ಹೊರಗಿಂದ ಹ್ಯಾಂಗ ಕೇಳಸ್ತೈತಿ, ಹೇಳು" ಎಂದರು.

ನಾನು ಎಂಜಿನ್ನಿನ ಕಡೆ ಕಿವಿ ಕೊಟ್ಟೆ. "ಆಚಿ ಮನ್ಯಾಗ ಯಾರೋ ಬೀಸಾಕತ್ತಂಗ" ಎಂದೆ.

"ಬೀಸೂ ಕಲ್ಲಿನ ಸಪ್ಪಳಾ ಮರತs ಬಿಟ್ಟೇನಿ" ಎಂದರು ಅವರು. "ನನಗ ಬರೂದು ಬರೇ ಎಲಬಿನ ಸದ್ದು. ನಿನ್ನ ಕಿವಿ ಕಂಡ್ರ ನನಗ ಹೊಟ್ಟಿ ಉರೀತೈತಿ ತಮ್ಮಾ, ಖರೇ ಹೇಳ್ತೇನಿ."

ನನ್ನಲ್ಲಿರುವ ಯಾವುದನ್ನಾದರೂ ಅವರು ಬಯಸಬಹುದೆಂದು ನಾನು ಎಣಿಸಿಯೇ ಇರಲಿಲ್ಲ.

ಬಸ್ ಹತ್ತುವ ಮುಂಚೆ ಕಿಸೆಯಿಂದ ಆ ರಟ್ಟು ತೆಗೆದು ನನ್ನ ಕೈಗಿಟ್ಟರು. "ತಪ್ಪು ನಾನೂ ಮಾಡೇನಿ. ಆದ್ರ ಸುಳ್ಳು ಹೇಳೂಮುಂದ ಮಾರಿ ಕೆಳಗ ಮಾಡಬ್ಯಾಡ. ನನಗ ಕೇಳಸೂದಿಲ್ಲ." ನಗುತ್ತಲೇ ಹೇಳಿ ಒಳಗೆ ಹೋಗಿ ಕೂತರು.

ಅಂದು ಸಂಜೆಯೇ ಅಕ್ಕಾವರ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಕಾರ್ಡಿನ ವಿಷಯವನ್ನೂ ಹೇಳಿದೆ. "ಡಾಕ್ಟರು ನಿನ್ನ ಬಿಟ್ಟು ಯಾರ ಕೈಯಾಗೂ ಗಾಡಿ ಕೊಡತಿದ್ದಿಲ್ಲ" ಎಂದು ಹೇಳಿ ಅಕ್ಕಾವರು ಎದ್ದು ಒಳಗೆ ಹೋದರು. ಎರಡು ತಿಂಗಳು ನನ್ನ ಗ್ಯಾರೇಜಿನ ಕಡೆ ಬರಲಿಲ್ಲ. ಆಮೇಲೆ ಒಂದು ದಿನ ಬ್ರೇಕ್ ನೋಡು ಎಂದು ತಾವೇ ಓಡಿಸಿಕೊಂಡು ಬಂದರು. ಆ ಕಾರು ಇನ್ನೂ ನಾಲ್ಕು ವರ್ಷ ಹಳ್ಳಿಗಳಿಗೆ ಓಡಾಡಿತು.

ನಾನು ಸಿಂದಗಿಗೆ ಹೋಗಿ ಬರತೊಡಗಿದೆ. ಹೊಟ್ಟೆಕಿಚ್ಚು ಪೂರ್ತಿ ಹೋಯಿತೆಂದು ಹೇಳಲಾರೆ. ಅವರ ಅಂಗಳದಲ್ಲಿ ನಿಂತ ಗಾಡಿಗಳನ್ನು ಕಂಡಾಗಲೆಲ್ಲ ಕಣ್ಣು ತಾನಾಗಿ ಎಣಿಸುತ್ತಿತ್ತು.

ದಶಕದ ಕೊನೆಯಲ್ಲಿ ಒಂದು ಮುಂಜಾನೆ ಬಸ್ಸಿನ ಕಂಡಕ್ಟರನೇ ಬಂದು ಮೇಸ್ತ್ರಿ ಹೋದರೆಂದು ಹೇಳಿದ. ಅದೇ ಬಸ್ಸಿನಲ್ಲಿ ಹೋದೆ. ಮಣ್ಣು ಮುಗಿಸಿ ಬಂದವರು ಖಬರಸ್ತಾನದ ಗೋಡೆಯ ನೆರಳಲ್ಲಿ ನಿಂತಿದ್ದರು, ನಾಲ್ಕೂ ತಾಲೂಕಿನ ಗ್ಯಾರೇಜಿನವರು. ಮುದ್ದೇಬಿಹಾಳದ ಒಬ್ಬ ಮೆಕ್ಯಾನಿಕ್, ನನಗಿಂತ ಸಣ್ಣವನು, ಮೇಸ್ತ್ರಿ ತನ್ನ ಮನೆಯಲ್ಲಿ ಒಂದು ವಾರ ಉಳಿದು ಕೆಲಸ ಕಲಿಸಿದ್ದನ್ನು ಹೇಳುತ್ತಿದ್ದ. ಅವರು ಉಳಿದದ್ದು ನಮ್ಮ ಮನೆಯೊಂದರಲ್ಲೇ ಎಂದು ಅಲ್ಲಿಯ ತನಕ ನಂಬಿದ್ದೆ.

ಅವನು ನನ್ನ ಕಡೆ ತಿರುಗಿ, "ನೀವು ಎಲ್ಲ್ಯಾವ್ರು?" ಎಂದ.

"ಇಂಡಿ."

"ಡಾಕ್ಟರ ಕಾರ ಮಾಡಿದವ್ರು?"

"ಹೌದ್ರಿ."

"ಬೇರಿಂಗ ಕೆರ್ಯೂ ಕೆಲಸ ನನಗ ಪೂರಾ ಹತ್ತಲಿಲ್ರಿ. ಕೆಡಿಸಿದಾಗೊಮ್ಮೆ ಮೇಸ್ತ್ರಿ, ಇಂಡ್ಯಾಗ ಒಬ್ಬಾಂವ ಅದಾನ, ಅವನ ಕೈ ನೋಡಬೇಕ ನೀ, ಅಂತಿದ್ರು."

ಹೇಳುವಾಗ ಅವನು ನಗಲಿಲ್ಲ. ನನ್ನ ಕೈಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷ ಅದನ್ನು ಹೊತ್ತು ನಾನೇ ತಿರುಗಿದ್ದೆ.

"ನಮ್ಮ ಕಡೆ ಬರ್ರಿ" ಎಂದೆ. "ಎರಡ ದಿನದ ಕೆಲಸ. ಕಲಸ್ತೇನಿ."

ಅವನು ಆಚೆ ಸರಿದ. ನಾನು ಅವನ ಹಿಂದೆಯೇ ಹೋಗಿ, ಎದುರಿಗೆ ನಿಂತು, ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ. ಮುಂದಿನ ಸೋಮವಾರ ಅವನು ಬಂದ.